ಕಾಪರ್ ಡೀಕನ್‌ನ ಹಗ್ಗ ಹಿಡಿದವರು

ಒದ್ದೆ ಹುಲ್ಲನ್ನು ಒಣ ಹುಲ್ಲಿನಿಂದ ಬೇರೆ ಮಾಡುತ್ತಿದ್ದೆ. ಮುಳ್ಳುಗೋಲನ್ನು ಅಡಿಗೆ ತೂರಿಸಬೇಕು. ಎತ್ತಬೇಕು. ಒಮ್ಮೆ ಅಲ್ಲಾಡಿಸಬೇಕು. ಒಣಗಿದ್ದು ಉದುರುತ್ತದೆ, ಒದ್ದೆಯದು ಲದ್ದಿಯ ಜೊತೆ ಉಳಿಯುತ್ತದೆ. ಉಳಿದದ್ದನ್ನು ತಳ್ಳುಗಾಡಿಗೆ ಹಾಕಬೇಕು. ನಲವತ್ತೊಂಬತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಇನ್ನೂ ಮುಗಿದಿಲ್ಲ. ಕುದುರೆಗಳು ಸಹಕರಿಸುತ್ತಿಲ್ಲ.

ಜೂನ್‌ಬಗ್ ಎಂಬ ಹೆಣ್ಣು ಕುದುರೆ ನನ್ನ ಬೆನ್ನಿಗೆ ಮೂತಿ ಒತ್ತಿ ನೂಕಿತು. ಓಡಿದ ಹನ್ನೊಂದು ರೇಸಿನಲ್ಲಿ ಒಂದನ್ನೂ ಗೆದ್ದಿಲ್ಲ. ಗತ್ತಿಗೆ ಮಾತ್ರ ಕಡಿಮೆಯಿಲ್ಲ.

"ಅಜ್ಜೀ, ಬೇಗ ಮುಗ್ಸಂತೆ. ಮಹಾರಾಣಿಯವ್ರಿಗೆ ಮಲಗೋಕೆ ಹೊತ್ತಾಯ್ತಂತೆ" ಎಂದು ಎಲ್ವಿರಾ ಪಕ್ಕದ ಕೊಟ್ಟಿಗೆಯಿಂದ ಕೂಗಿದಳು. ಅವಳು ಗ್ವಾಟೆಮಾಲಾದವಳು. ಹದಿನಾರು ವರ್ಷದಿಂದ ನನ್ನ ಪಕ್ಕದ ನಾಲ್ಕು ಕುದುರೆ ಅವಳ ಪಾಲಿನವು. ನನ್ನನ್ನು ಆಡಿಕೊಳ್ಳುವುದು ಐದನೆಯ ಕೆಲಸ.

ಆಗ ಬಂದ ಬ್ಲೇನ್ ಕಾರ್ಟ್‌ರೈಟ್. ಸಿಕಮೋರ್ ಡೌನ್ಸ್ ರೇಸ್ ಮೈದಾನದ ಪರಂಪರೆ ವಿಭಾಗದ ಮುಖ್ಯಸ್ಥ. ಕೆಂಟಕಿಯಲ್ಲಿ ಹುಟ್ಟಿದ ನಮಗೆ ಕುದುರೆಯ ಪರಂಪರೆ ಗೊತ್ತು, ಅದಕ್ಕೊಬ್ಬ ಮುಖ್ಯಸ್ಥ ಬೇಕೆಂಬುದು ಅವನು ಬರುವವರೆಗೆ ಗೊತ್ತಿರಲಿಲ್ಲ.

"ಮಿಸ್ ಡೆಲ್ಲಾ, ಬಿಡುವಿದ್ಯಾ?"

"ಬಿಡುವೇನೋ ಇದೆ. ನಿಲ್ಲೋಕೆ ಜಾಗ ಇಲ್ಲ. ಅಲ್ಲಿ ಕಾಲಿಡ್ಬೇಡಿ."

ಇಟ್ಟ. ಬೂಟನ್ನು ನೋಡಿಕೊಂಡ. ಒಳ್ಳೆಯ ಬೂಟು, ಪಾಪ. ಎಲ್ವಿರಾ ಗೋಡೆಯಾಚೆ ಕೆಮ್ಮಿದಳು. ಅವಳಿಗೆ ಕೆಮ್ಮೇನೂ ಇರಲಿಲ್ಲ.

"ಶನಿವಾರ ಪರಂಪರೆಯ ದಿನ" ಎಂದ ಬ್ಲೇನ್. "ಹೊಸ ಸಭಾಂಗಣ ತೆರೀತೀವಿ. ಗೋಡೆ ತುಂಬ ಒಂದೇ ಫೋಟೋ. ಸಾವಿರದೊಂಬೈನೂರ ಐವತ್ತೇಳರ ಶರತ್ಕಾಲದ ರೇಸು. ಕಾಪರ್ ಡೀಕನ್ ಗೆದ್ದಾಗ ತೆಗೆದಿದ್ದು."

ನನ್ನ ಮುಳ್ಳುಗೋಲು ನಿಂತಿತು. ಆ ಕುದುರೆ ನನಗೆ ಗೊತ್ತಿತ್ತು, ಆ ಫೋಟೋವೂ ಗೊತ್ತಿತ್ತು. ಪತ್ರಿಕೆಯಿಂದ ಕತ್ತರಿಸಿದ್ದು ನನ್ನ ಪೆಟ್ಟಿಗೆಯಲ್ಲಿದೆ, ಅಂಗೈಯಷ್ಟು ಅಗಲ.

"ಮಾಲೀಕರು ಹಾರ್ಗ್ರೋವ್, ತರಬೇತಿ ಕೊಟ್ಟೋರು, ಜಾಕಿ, ಎಲ್ರ ಹೆಸ್ರೂ ಸಿಕ್ತು" ಎಂದ ಬ್ಲೇನ್. "ಹಗ್ಗ ಹಿಡ್ದಿರೋ ಕುದುರೆಯಾಳಿನ ಹೆಸ್ರೊಂದು ಸಿಕ್ಕಿರ್ಲಿಲ್ಲ. ಈಗ ಅದೂ ಸಿಕ್ತು ನೋಡಿ!"

"ಯಾರಂತೆ?"

"ಅಂಕಲ್ ಜೋಬ್! ಹಾರ್ಗ್ರೋವ್ ಅವರ ಮೊಮ್ಮಗಳಿಗೆ ನೆನಪಿದೆ. ಅವರಜ್ಜ ಯಾವಾಗ್ಲೂ ಹೇಳ್ತಿದ್ರಂತೆ, ಜೋಬ್ ಅಂತ ಒಬ್ಬ ಇದ್ದ, ಬಲು ನಿಯತ್ತಿನವನು ಅಂತ. ಹಿತ್ತಾಳೆ ಫಲಕ ಆಗ್ಲೇ ಬಂದಿದೆ. 'ಅಂಕಲ್ ಜೋಬ್, ನಂಬಿಕಸ್ಥ ಸೇವಕ.' ನೀವು ಶನಿವಾರ ಅದರ ಕೆಳಗೆ ಕುದುರೆ ಹಿಡ್ಕೊಂಡು ನಿಂತ್ರೆ ಶಾಲೆ ಮಕ್ಕಳಿಗೆ ಎಷ್ಟು ಚೆನ್ನಾಗಿರುತ್ತೆ! ನಾಡಿದ್ದು ಗುರುವಾರ ಒಂದು ತಾಲೀಮು."

ನಾನು ಮತ್ತೆ ಹುಲ್ಲು ಅಲ್ಲಾಡಿಸತೊಡಗಿದೆ. ನನಗೆ ತಾಳ್ಮೆ ಜಾಸ್ತಿ ಎಂದು ಎಲ್ಲರೂ ಹೊಗಳುತ್ತಾರೆ. ಹೊಗಳಿದವರಲ್ಲಿ ಯಾರೂ ನಾನು ತಾಳಿಕೊಂಡಿದ್ದನ್ನು ಕಡಿಮೆ ಮಾಡಿಲ್ಲ.

ಅವನು ಹೋದ ಮೇಲೆ ಎಲ್ವಿರಾ ಗೋಡೆಯ ಮೇಲಿಂದ ತಲೆ ಹಾಕಿದಳು.

"ಅಜ್ಜೀ, ನಿಮ್ಮವ್ವಂಗೆ ಮೀಸೆ ಬಂತಂತೆ. ಸಿಹಿ ಹಂಚಲ್ವಾ?"

ಈಗ ಈ ಲಾಯಗಳಲ್ಲಿ ನನ್ನ ಬಿಟ್ಟರೆ ವಿಷಯ ಗೊತ್ತಿದ್ದವಳು ಅವಳೊಬ್ಬಳೇ. ಹಗ್ಗ ಹಿಡಿದು ನಿಂತವಳು ನನ್ನ ಅವ್ವ, ಲುವೀನಿಯಾ ಟಿಬ್ಸ್.

ಆಗ ನನಗೆ ಏಳು ವರ್ಷ. ಅಪ್ಪ ರಾಸ್ಕೋ, ಡೀಕನ್‌ನನ್ನು ನೋಡಿಕೊಳ್ಳುತ್ತಿದ್ದ. ಆಗಸ್ಟಿನಲ್ಲಿ ಬೇರೊಂದು ಕುದುರೆ ಒದ್ದು ಅವನ ಸೊಂಟ ಮುರಿಯಿತು. ಕೆಲಸ ಹೋದರೆ ಮನೆಯೂ ಹೋಗುತ್ತಿತ್ತು, ಮನೆ ಹಾರ್ಗ್ರೋವ್ ಅವರದು. ರೇಸ್ ಮೈದಾನದ ಹಿಂದಲ ಕೇರಿಗೆ, ಎಂದರೆ ನಾವೀಗ ಇರುವ ಈ ಲಾಯಗಳ ಕಡೆಗೆ, ಹೆಂಗಸರು ಬರುವಂತಿರಲಿಲ್ಲ. ಹೆಂಗಸು ಬಂದರೆ ಕುದುರೆಗಳ ಮನಸ್ಸು ಕೆಡುತ್ತದೆಂದು ಗಂಡಸರು ನಂಬಿದ್ದರು. ಕುದುರೆಗಳನ್ನು ಯಾರೂ ಕೇಳಿರಲಿಲ್ಲ.

ಅವ್ವ ಅಪ್ಪನ ಕೋಟು ಹಾಕಿದಳು. ಟೋಪಿ ಹಾಕಿದಳು. ಕುದುರೆಯ ಕಾಲಿಗೆ ಸುತ್ತುವ ಪಟ್ಟಿಯಿಂದಲೇ ಎದೆಯನ್ನು ಬಿಗಿದುಕೊಂಡಳು. ಅಪ್ಪನ ಬ್ಯಾಡ್ಜು ಸಿಕ್ಕಿಸಿಕೊಂಡು ಗೇಟಿನಲ್ಲಿ ನಡೆದು ಹೋದಳು. ಕಾವಲಿನವನು ಬ್ಯಾಡ್ಜು ನೋಡಿದ. ಮುಖ ನೋಡಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಲದ್ದಿ ಬಾಚಿದಳು, ನೀರು ಹೊತ್ತಳು, ಐನೂರು ಕಿಲೋ ತೂಕದ ಪ್ರಾಣಿಯ ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಗೊರಸು ಕೆರೆದಳು. ತಾನು ಮಾತ್ರ ನೀರು ಕುಡಿಯಲಿಲ್ಲ. ಕುಡಿದರೆ ಮೂತ್ರಕ್ಕೆ ಹೋಗಬೇಕು. ಹೋಗಲು ಗಂಡಸರ ಮೂತ್ರಿಯ ಸಾಲು ಮಾತ್ರ ಇತ್ತು. ಸಂಜೆ ಮನೆಗೆ ಓಡಿ ಬರುತ್ತಿದ್ದಳು, ಹಿತ್ತಲಿನ ಕಕ್ಕಸಿಗೆ ಹೋಗಿ ಗೋಡೆ ಹಿಡಿದು ಅಳುತ್ತಾ ಕೂರುತ್ತಿದ್ದಳು. ಹೊರಗೆ ಬಂದು ನಗುತ್ತಿದ್ದಳು. "ಕುದ್ರೆಗೆ ಎಲ್ ಬೇಕಾದ್ರೂ ಬಿಡುಗಡೆ ಕಣೇ ಡೆಲ್ಲಾ. ಮುಂದಿನ್ ಜನ್ಮಕ್ಕೆ ಅದನ್ನೇ ಕೇಳ್ಕೋ" ಎನ್ನುತ್ತಿದ್ದಳು.

ಕೊನೆಗೆ ಅವಳನ್ನು ಕೊಂದದ್ದು ಮೂತ್ರಪಿಂಡವೇ.

ಡೀಕನ್ ಗೆದ್ದ ದಿನ ಫೋಟೋದವನು ಅವಳಿಗೆ ಹೇಳಿದನಂತೆ, "ಲೋ ಹುಡುಗಾ, ತಲೆ ಹಿಂದಕ್ಕಿಡು. ಕುದುರೆ ಮುಖ ಮುಚ್ಚುತ್ತೆ." ಅವ್ವನಿಗೆ ಆಗ ಮೂವತ್ತೆರಡು. ಬಿಳಿಯರ ಬಾಯಲ್ಲಿ ನಮ್ಮ ಕಪ್ಪು ಗಂಡಸರು ಹಲ್ಲು ಬೀಳುವವರೆಗೆ ಹುಡುಗರು. ಬಿದ್ದ ಮೇಲೆ ಅಂಕಲ್. ನಡುವೆ ಮಿಸ್ಟರ್ ಎಂಬ ನಿಲ್ದಾಣವೇ ಇರಲಿಲ್ಲ. "ಒಂದೇ ಮಾತಲ್ಲಿ ಎರಡ್ ತಪ್ಪು ಕಣೇ. ನಾನು ಹುಡುಗನೂ ಅಲ್ಲ, ಸಣ್ಣವಳೂ ಅಲ್ಲ. ಬಿಳಿ ಜನಕ್ಕೆ ಎಷ್ಟು ಕಮ್ಮಿ ಮಾತಲ್ಲಿ ಎಷ್ಟು ತಪ್ ಮಾಡಕ್ ಬರುತ್ತೆ ನೋಡು" ಎಂದು ಬದುಕಿರುವವರೆಗೆ ನಕ್ಕಳು.

ಮಾರನೆಯ ಬೇಸಿಗೆಯಲ್ಲಿ ಸೆಕೆಗೆ ಲಾಯದಲ್ಲೇ ಬಿದ್ದಳು. ಯಾರೋ ಗಾಳಿಗೆಂದು ಕೋಟಿನ ಗುಂಡಿ ಬಿಚ್ಚಿದರು. ಪಟ್ಟಿ ಕಂಡಿತು. ಎಚ್ಚರವಾಗುವ ಮೊದಲೇ ಗೇಟಿನ ಹೊರಗೆ ಹಾಕಿದ್ದರು. ಅಪ್ಪನ ಬ್ಯಾಡ್ಜನ್ನು ಕಿತ್ತುಕೊಂಡರು. ಮನೆ ಬಿಡಿಸಿದರು. ತೀರ್ಪುಗಾರರ ಕಿವಿಗೆ ಬೀಳದಂತೆ ವಿಷಯವನ್ನು ಅಲ್ಲೇ ಮುಚ್ಚಿದರು.

ನಾನು ಇಷ್ಟು ವರ್ಷ ಯಾಕೆ ಸುಮ್ಮನಿದ್ದೆ ಎಂದು ನೀವು ಕೇಳಬಹುದು. ರೇಸಿನವರಾದರೆ ಕೇಳುವುದಿಲ್ಲ. ಗೆದ್ದ ಮೇಲೆ ಏನಾದರೂ ಅಕ್ರಮ ಸಿಕ್ಕರೆ ತೀರ್ಪುಗಾರರು ಬೋರ್ಡಿನ ಮೇಲಿಂದ ಆ ಕುದುರೆಯ ಅಂಕಿ ಇಳಿಸುತ್ತಾರೆ. ಅಂಕಿ ಇಳಿದರೆ ಆ ಕುದುರೆ ಗೆದ್ದೇ ಇಲ್ಲ. ನಮ್ಮಲ್ಲಿ ಮಕ್ಕಳನ್ನು ಹೆದರಿಸಲು ಸೈತಾನ ಬೇಕಿಲ್ಲ, ಅಂಕಿ ಇಳಿಯುವುದು ಸಾಕು. ಅವ್ವ ಸಾಯುವಾಗ ನನ್ನ ಕೈ ಹಿಡಿದು ಅದನ್ನೇ ಹೇಳಿದಳು. "ಬಾಯ್ ಬಿಟ್ಟೀಯ ಜೋಕೆ. ಬ್ಯಾಡ್ಜು ನಂದಲ್ಲ. ಗೊತ್ತಾದ್ರೆ ಡೀಕನ್ನಿನ ಅಂಕಿ ಇಳಿಸ್ತಾರೆ." ಎರಡು ಗುಟುಕು ನೀರು ಕುಡಿದಳು. ಅಷ್ಟೇ.

ಹಾಗೆಂದು ಬರೆಯದೇ ಇರಲಿಲ್ಲ. ನನಗೆ ಐವತ್ತೆಂಟಾದಾಗ ಮೈದಾನದ ಪ್ರಾರ್ಥನಾ ಮಂದಿರದಲ್ಲಿ ರಾತ್ರಿ ಶಾಲೆ ಶುರುವಾಯಿತು. ನಾನೂ ಎಲ್ವಿರಾಳೂ ಒಂದೇ ಬೆಂಚು. ಅಕ್ಷರ ತಿದ್ದಿದೆವು, ಬೈಬಲ್ಲಿನ ಸಾಲು ಓದಿದೆವು. ಕೊನೆಗೆ ಮೇಷ್ಟರಮ್ಮ, ಯಾರಿಗಾದರೂ ಒಂದು ಕಾಗದ ಬರೆಯಿರಿ ಎಂದರು. ಎಲ್ವಿರಾ ತನ್ನ ಅಕ್ಕನಿಗೆ, ನನ್ನ ದೊಡ್ಡ ಪಾತ್ರೆ ಯಾವಾಗ ಕೊಡ್ತೀಯ ಎಂದು ಬರೆದಳು. ನಾನು ಸಿಕಮೋರ್ ಡೌನ್ಸ್‌ನ ಆಡಳಿತ ಮಂಡಳಿಗೆ ಬರೆದೆ.

"ಮಾನ್ಯರೇ, ನಿಮ್ಮ ಕಾಪರ್ ಡೀಕನ್ ಚಿತ್ರದಲ್ಲಿರುವ ಗಂಡಸು ಗಂಡಸಲ್ಲ."

ಮೇಷ್ಟರಮ್ಮ ಓದಿ ಕನ್ನಡಕ ಒರೆಸಿಕೊಂಡರು. ಮೊದಲ ಸಾಲು ಬಹಳ ಚೆನ್ನಾಗಿದೆ ಎಂದರು. ಲಕೋಟೆಯನ್ನೂ ಕೊಟ್ಟರು.

ಅಲ್ಲಿಂದ ಹದಿನಾಲ್ಕು ವರ್ಷ. ಎಲ್ವಿರಾಳ ಪಾತ್ರೆ ಬಂತು, ಹಳತಾಯಿತು, ತೂತೂ ಬಿತ್ತು. ನನ್ನ ಕಾಗದ ಪೆಟ್ಟಿಗೆಯಲ್ಲೇ ಇತ್ತು.

"ಅಜ್ಜೀ, ಒಂದ್ ಕೇಳ್ತೀನಿ" ಎಂದಳು ಎಲ್ವಿರಾ ಆ ಬುಧವಾರ, ಮೈದಾನದ ಅಡುಗೆಮನೆಯಲ್ಲಿ ಬೀನ್ಸು, ಜೋಳದ ರೊಟ್ಟಿ ತಿನ್ನುತ್ತಾ. "ಡೀಕನ್ ಬದುಕಿದಾನಾ?"

"ಎಲ್ಲಿಂದ?"

"ಜಾಕಿ?"

"ಸತ್ತ."

"ಮಾಲೀಕ ಹಾರ್ಗ್ರೋವ್?"

"ಸತ್ತ. ನಾನೇನೂ ಹೂ ಕಳಿಸ್ಲಿಲ್ಲ."

"ಹಂಗಾದ್ರೆ ಅಂಕಿ ಇಳಿಸಿ ಯಾರ್ ಕೈಗ್ ಕೊಡ್ತಾರೆ? ಎರಡ್ನೇದಾಗಿ ಬಂದ ಕುದುರೆ ಗೋರಿಯಿಂದ ಎದ್ಬಂದು ಬಹುಮಾನ ಕೇಳುತ್ತಾ?"

ನನಗೆ ನಗು ಬಂತು. ಬೀನ್ಸು ಗಂಟಲಿಗೆ ಹತ್ತಿತು. ಅವಳು ಬೆನ್ನಿಗೆ ಗುದ್ದಿದಳು, ಬೇಕಾದ್ದಕ್ಕಿಂತ ಎರಡು ಗುದ್ದು ಹೆಚ್ಚು.

"ನಗು ಅಜ್ಜೀ. ಆದ್ರೆ ನೀನ್ ಹೆದ್ರೋದು ಡೀಕನ್ನಿಗಲ್ಲ. ಮುಂದಿನ್ ತಿಂಗ್ಳು ನಿನ್ ಬ್ಯಾಡ್ಜು ಹೊಸದ್ ಮಾಡ್ಸ್ಬೇಕು. ಲಾಯದ್ ಮೇಲಿನ್ ಕೋಣೆ ಬ್ಯಾಡ್ಜಿನ್ ಜೊತೆ. ಅದಕ್ ಹೆದ್ರಿಕೆ."

ಮುಖಕ್ಕೆ ಹೊಡೆದಂತೆ ಹೇಳಿದಳು. ನಿಜವಾಗಿತ್ತು. ಅವ್ವನನ್ನು ಗೇಟಿನ ಹೊರಗೆ ಮಣ್ಣಿನಲ್ಲಿ ಮಲಗಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಎಪ್ಪತ್ತೆರಡನೆಯ ವಯಸ್ಸಿನಲ್ಲಿ ಆ ಮಣ್ಣು ಇನ್ನೂ ಗಟ್ಟಿಯಾಗಿರುತ್ತದೆ.

ಗುರುವಾರ ಕೆಲಸ ಮುಗಿಸಿ, ಕೈ ತೊಳೆದು ಹೋದೆ. ಮುಂದಲ ಕಟ್ಟಡಕ್ಕೂ ನಮ್ಮ ಕೇರಿಗೂ ಮುನ್ನೂರು ಹೆಜ್ಜೆ. ಇಷ್ಟು ವರ್ಷದಲ್ಲಿ ಅದರ ರತ್ನಗಂಬಳಿಯ ಮೇಲೆ ಕಾಲಿಟ್ಟವಳಲ್ಲ. ಬಾಗಿಲಿನಲ್ಲಿ ಕಾವಲಿನ ಹುಡುಗಿ ತಡೆದಳು.

"ಕೆಲಸದವ್ರಿಗೆ ಹಿಂದಿನ್ ಬಾಗಿಲು, ಅಮ್ಮಾ."

"ನಾನು ಕೆಲಸಕ್ಕೆ ಬಂದಿಲ್ಲ ಕಣಮ್ಮಾ. ಪರಂಪರೆ ಬಂದಿದೆ ಅಂತ ಒಳಗ್ ಹೇಳು."

ಅವಳು ಒಳಗೆ ಹೇಳಲು ಹೋದಳು. ಹೇಳಿ ಬಂದು, ಹಿಂದಿನ ಬಾಗಿಲಿನಿಂದಲೇ ಕರೆದುಕೊಂಡು ಹೋದಳು.

ಒಳಗೆ ಫೋಟೋ ಇತ್ತು. ಎರಡು ಆಳೆತ್ತರ. ನಾನು ಅಂಗೈಯಲ್ಲಿ ಹಿಡಿದು ನೋಡುತ್ತಿದ್ದ ಅವ್ವ ಈಗ ನನಗಿಂತ ದೊಡ್ಡವಳಾಗಿದ್ದಳು. ಡೀಕನ್‌ನ ದವಡೆಯ ಹಿಂದೆ ಅವಳ ಅರ್ಧ ಮುಖ. ಟೋಪಿ. ಹಗ್ಗದ ಮೇಲೆ ಎರಡು ಕೈ. ಕೈಯ ಗಂಟುಗಳು ನನ್ನ ಕೈಯವೇ. ಕೆಳಗೆ ಹಿತ್ತಾಳೆಯಲ್ಲಿ ಅಂಕಲ್ ಜೋಬ್ ಹೊಳೆಯುತ್ತಿದ್ದ.

ಬ್ಲೇನ್ ಒಂದು ಚೌಕುಳಿ ಟೋಪಿಯನ್ನೂ ಕಂದು ಕೋಟನ್ನೂ ತಂದ.

"ಇದನ್ನ ಹಾಕ್ಕೊಳ್ಳಿ ಮಿಸ್ ಡೆಲ್ಲಾ. ಥೇಟ್ ಅಂಕಲ್ ಜೋಬ್ ಥರಾನೇ ಕಾಣ್ತೀರ. ಮಕ್ಕಳಿಗೆ ಹೇಳೋ ಮಾತೂ ಬರೆಸಿದೀನಿ. ನಾನು ಓದ್ತೀನಿ, ನೀವು ಬಾಯಿಪಾಠ ಮಾಡ್ಕೊಂಡ್ರೆ ಸಾಕು."

ಕಾಗದವನ್ನು ಅವನ ಕೈಯಿಂದ ತೆಗೆದುಕೊಂಡು ನಾನೇ ಓದಿದೆ. ಗಟ್ಟಿಯಾಗಿ. "ನಾನು ಅಂಕಲ್ ಜೋಬ್. ನನಗೆ ಹೆಂಡತಿ ಮಕ್ಕಳಿಲ್ಲ. ಯಜಮಾನರ ಕುದುರೆಗಳೇ ನನ್ನ ಸಂಸಾರ. ನಗುನಗುತ್ತಾ ದುಡಿದೆ."

"ಓಹೋ" ಎಂದ ಬ್ಲೇನ್. "ನಿಮಗೆ ಓದೋಕೆ..."

"ಬರುತ್ತೆ. ಜೋಬನಿಗೆ ಮಕ್ಕಳಿಲ್ವಾ? ನಾನು ಎಲ್ಲಿಂದ ಬಂದೆ ಹಂಗಾದ್ರೆ?"

ಅವನಿಗೆ ತಿಳಿಯಲಿಲ್ಲ. ನಾನು ಗೋಡೆಯ ಹತ್ತಿರ ಹೋದೆ. ಮಂಡಿ ಊರಿದೆ. ಕುದುರೆಯ ಹತ್ತಿರ ನಾವು ಎಂದೂ ಮಂಡಿ ಊರುವುದಿಲ್ಲ, ಒದ್ದರೆ ಹಾರಲು ಆಗಬೇಕು, ಕುಕ್ಕರಗಾಲಿನಲ್ಲೇ ಕೂರುತ್ತೇವೆ. ಈ ಕುದುರೆ ಒದೆಯುವುದಿಲ್ಲ ಎಂದು ನೆಚ್ಚಿ ಊರಿದೆ. ಡೀಕನ್‌ನ ಹಿಂಗಾಲಿನ ಪಟ್ಟಿ ನನ್ನ ಕಣ್ಣಿಗೆ ಸರಿಯಾಗಿ ಇತ್ತು. ಓಡುವಾಗ ಬಿಚ್ಚದಂತೆ ಆ ಪಟ್ಟಿಯ ತುದಿಯನ್ನು ಗಂಡಸರು ಪಿನ್ನು ಚುಚ್ಚಿ ಕೂರಿಸುತ್ತಿದ್ದರು, ಇಲ್ಲವೇ ದಬ್ಬಳದಲ್ಲಿ ನಾಲ್ಕು ಒರಟು ಹೊಲಿಗೆ ಹಾಕುತ್ತಿದ್ದರು. ಇಲ್ಲಿ ದಾರ ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ, ಸಾಲಾಗಿ ಕವಲೊಡೆದು ಇಳಿದಿತ್ತು. ಕೋಳಿಕಾಲು ಹೊಲಿಗೆ. ಕೌದಿಯ ಅಂಚಿಗೆ ಹಾಕುವುದು. ಅವ್ವ ಅವಸರದಲ್ಲೂ ಅದನ್ನು ಬಿಟ್ಟಿರಲಿಲ್ಲ. ಅಂಗೈಯಷ್ಟು ಚಿತ್ರದಲ್ಲಿ ಅದು ನನಗೆ ಎಂದೂ ಕಂಡಿರಲಿಲ್ಲ. ಅವರೇ ದೊಡ್ಡದು ಮಾಡಿ ತೋರಿಸಿದ್ದರು.

"ಬ್ಲೇನಪ್ಪಾ, ಬಾ ಇಲ್ಲಿ" ಎಂದೆ. ಬಂದ. "ಈ ಹೊಲಿಗೆ ನೋಡು. ನಿಮ್ಮ ಅಂಕಲ್ ಜೋಬ್ ಕೌದಿ ಹೊಲೀತಿದ್ನಾ?"

"ಅಂದ್ರೆ?"

"ಅದು ಅಂಕಲ್ ಅಲ್ಲ. ನಮ್ಮವ್ವ. ಲುವೀನಿಯಾ ಟಿಬ್ಸ್. ಹೆಂಗಸರಿಗೆ ಪ್ರವೇಶ ಇಲ್ಲದ ಜಾಗದಲ್ಲಿ ಹತ್ತು ತಿಂಗಳು ಗಂಡಸಾಗಿ ದುಡಿದ್ಲು. ನಗುನಗುತ್ತಾ ಅಲ್ಲ. ಉಚ್ಚೆ ಕಟ್ಕೊಂಡು."

ಅವನು ಕೆಂಪಾದ. ಆ ಮಾತು ಆ ರತ್ನಗಂಬಳಿಯ ಮೇಲೆ ಮೊದಲ ಸಲ ಬಿದ್ದಿರಬೇಕು.

"ಮಿಸ್ ಡೆಲ್ಲಾ, ನಿಮ್ಮ ಭಾವನೆ ಅರ್ಥ ಆಗುತ್ತೆ. ಆದ್ರೆ ಹಾರ್ಗ್ರೋವ್ ಅವರ ಮನೆಯವ್ರು ಜೋಬ್ ಅಂತಾರೆ. ದಾಖಲೆ ಬೇಕಲ್ವಾ? ನೀವು ಲಿಖಿತವಾಗಿ ಕೊಟ್ರೆ ಮಂಡಳಿ ಮುಂದೆ ಇಡಬಹುದು. ಆಮೇಲೆ ನೋಡೋಣ." ಅವನು ನಕ್ಕ. ಕೆಟ್ಟ ನಗುವಲ್ಲ. ಮುದುಕಿ ಇಷ್ಟಕ್ಕೆ ಸುಮ್ಮನಾಗುತ್ತಾಳೆ ಎಂಬ ಮೃದುವಾದ ನಗು. "ಶನಿವಾರ ಮಾತ್ರ ಇದೊಂದು ಹಾಕ್ಕೊಂಡ್ಬಿಡಿ."

"ನಿಮ್ಮ ಜೋಬನ ಹತ್ರ ದಾಖಲೆ ಏನಿದೆ?"

"ಅವರಿಗೆ ನೆನಪಿದೆ."

"ಅವರಿಗೆ ನೆನಪಾದ್ರೆ ಹಿತ್ತಾಳೆ. ನಮಗೆ ನೆನಪಾದ್ರೆ ಭಾವನೆ."

ಕೋಟನ್ನು ಮಡಿಸಿದೆ. ನೀಟಾಗಿ, ಕುದುರೆಯ ಕಂಬಳಿ ಮಡಿಸುವಂತೆ. ಅವನ ತೋಳಿನ ಮೇಲೆ ಇಟ್ಟೆ. ಟೋಪಿಯನ್ನು ಅವನ ತಲೆಗೆ ಇಟ್ಟೆ. ಸ್ವಲ್ಪ ಓರೆ ಮಾಡಿದೆ.

"ನಾನು ಹಾಕಲ್ಲ. ಅವ್ವ ಹಾಕಿದ್ಲು, ಹೊಟ್ಟೆಪಾಡಿಗೆ. ನಾನು ಆಟಕ್ಕೆ ಹಾಕಲ್ಲ. ನಿಮಗೇ ಒಪ್ಪುತ್ತೆ. ಶನಿವಾರ ನೀವೇ ಜೋಬ್ ಆಗಿ. ಅವನೂ ನಿಮ್ಮವನೇ, ನೀವೇ ಹುಟ್ಟಿಸಿದ್ದು."

ಈ ಸಲ ಮುಂಬಾಗಿಲಿನಿಂದ ಹೊರಟೆ. ಕಾವಲಿನ ಹುಡುಗಿ ಬಾಗಿಲು ತೆರೆದಳು. ಹಿಡಿಯನ್ನು ಬಹಳ ಹೊತ್ತು ಬಿಡಲಿಲ್ಲ.

ಕೋಣೆಗೆ ಬಂದು ಪೆಟ್ಟಿಗೆ ತೆಗೆದೆ. ಎಲ್ವಿರಾ ಹಾಸಿಗೆಯ ಮೇಲೆ ಕೂತು ಕಾಲು ಅಲ್ಲಾಡಿಸುತ್ತಿದ್ದಳು.

"ಬೇರೆ ಬರೀತೀಯಾ?"

"ಇಲ್ಲ. ಮೊದಲ್ನೇ ಸಾಲು ಚೆನ್ನಾಗಿದೆ ಅಂದಿದ್ರು."

ಕೆಳಗೆ ಮೂರು ಸಾಲು ಸೇರಿಸಿದೆ. "ನಿಮ್ಮ ಗೋಡೆಯ ಮೇಲೆ ಹಿಂಗಾಲಿನ ಪಟ್ಟಿಯ ಹೊಲಿಗೆ ನೋಡಿ. ಅದೇ ಹೊಲಿಗೆಯ ಕೌದಿ ನನ್ನ ಹಾಸಿಗೆಯ ಮೇಲಿದೆ, ಯಾರನ್ನಾದರೂ ಕಳಿಸಿ. ಡೀಕನ್‌ನ ಅಂಕಿ ಇಳಿಸುವುದಾದರೆ ಇಳಿಸಿ, ಆದರೆ ಅವನ ಹಗ್ಗ ಹಿಡಿದವಳ ಹೆಸರು ಹಾಕಿ ಇಳಿಸಿ."

ಲಕೋಟೆಯ ಮೂಲೆಯಲ್ಲಿ ಕಳಿಸಿದವರ ವಿಳಾಸದ ಜಾಗ ಹದಿನಾಲ್ಕು ವರ್ಷದಿಂದ ಖಾಲಿ ಇತ್ತು. ಹೆಸರಿಲ್ಲದ ಕಾಗದವಾಗಿಯೇ ಕಳಿಸಿಬಿಡೋಣವೆಂದು ಎಷ್ಟೋ ಸಲ ಅಂದುಕೊಂಡಿದ್ದೆ. ಈಗ ಅಲ್ಲಿ ಬರೆದೆ. ಆರ್ಡೆಲ್ಲಾ ಟಿಬ್ಸ್, ಲುವೀನಿಯಾ ಟಿಬ್ಸ್ ಅವರ ಮಗಳು, ಹದಿನಾಲ್ಕನೇ ಲಾಯ, ಮೇಲಿನ ಕೋಣೆ. ಕೊನೆಯ ಎರಡನ್ನು ಬರೆಯುವಾಗ ಪೆನ್ನು ನಿಂತಿತು. ಇನ್ನೊಂದು ತಿಂಗಳಿಗೆ ಅದು ನನ್ನ ವಿಳಾಸವಾಗಿರದೇ ಹೋಗಬಹುದು.

"ಬರಿ ಅಜ್ಜೀ" ಎಂದಳು ಎಲ್ವಿರಾ. "ಹೊರಗ್ ಹಾಕಿದ್ರೆ ನನ್ ಹಾಸಿಗೆಗ್ ಬಾ. ಗೊರಕೆ ಮಾತ್ರ ಗೇಟಿನ್ ಹೊರಗೇ ಬಿಟ್ಟು ಬಾ."

ಬರೆದೆ.

ಅಂಚೆಯವಳು ಮೇವಿನ ಉಗ್ರಾಣದ ಹತ್ತಿರ ಗಾಡಿ ನಿಲ್ಲಿಸಿದ್ದಳು. ಹೆಸರು ವಾಂಡಾ, ನನ್ನ ಪರಿಚಯದವಳು. ರಿಜಿಸ್ಟರ್ ಅಂಚೆಯಲ್ಲಿ ಕಳಿಸಬೇಕು, ತೆಗೆದುಕೊಂಡವರು ಸಹಿ ಹಾಕಬೇಕು ಎಂದೆ. ಅವಳು ಲಕೋಟೆಯನ್ನು ತಿರುಗಿಸಿ ನೋಡಿದಳು. ಹಳದಿಯಾದ ಕಾಗದ. ಆಮೇಲೆ ತಲೆಯೆತ್ತಿ ಮೈದಾನದ ಆಚೆ ನೋಡಿದಳು.

"ಮಿಸ್ ಡೆಲ್ಲಾ, ಇದು ಅದೋ ಆ ಕಟ್ಟಡಾನೇ ಅಲ್ವಾ? ಇದು ಪೇಟೆಗ್ ಹೋಗಿ, ಮೊಹರು ಬಿದ್ದು, ಮತ್ತೆ ಇಲ್ಲಿಗೇ ಬರ್ಬೇಕು. ನಡ್ಕೊಂಡ್ ಹೋಗಿ ಕೊಟ್ರೆ ಐದು ನಿಮಿಷ."

"ನಡ್ಕೊಂಡು ಹೋಗಿದ್ದೆ. ಹಿಂದಿನ ಬಾಗಿಲಲ್ಲಿ ಬಿಟ್ರು" ಎಂದೆ. "ಇಷ್ಟು ವರ್ಷ ಅವರದ್ದನ್ನೆಲ್ಲಾ ನಾವೇ ಹೊತ್ವಿ. ಇದೊಂದನ್ನ ಸರ್ಕಾರ ಹೊತ್ಕೊಂಡು ಮುಂಬಾಗಿಲಲ್ಲಿ ಹೋಗ್ಲಿ."

ವಾಂಡಾ ಲಕೋಟೆಯ ಮೇಲೆ ಸಹಿ ಹಾಕಿಸುವ ಹಸಿರು ಚೀಟಿ ಅಂಟಿಸಿ ಚೀಲಕ್ಕೆ ಹಾಕಿದಳು.